ಬ್ರಿಟನ್‌ನಲ್ಲಿ ಲೇಸರ್ ಕಣ್ಣಿನ ಆಪರೇಷನ್: ಯಾವುದು, ಯಾರ ಹತ್ತಿರ

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಲ್ಲಿಗೆ ಬರುವಾಗ ದೊಡ್ಡವರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿರುತ್ತೀರಿ. ಅಷ್ಟು ಕಟ್ಟಿದ ಮೇಲೆ ಕನ್ನಡಕ ಬಿಡಿಸುವ ಲೇಸರ್ ಕೂಡ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಗಬೇಕಲ್ವಾ ಅಂತ ಹೊಸಬರು ಕೇಳುತ್ತಾರೆ. ಆಗುವುದಿಲ್ಲ. ಕನ್ನಡಕದಿಂದ ಅಥವಾ ಕಾಂಟಾಕ್ಟ್ ಲೆನ್ಸಿನಿಂದ ಸರಿಹೋಗುವ ದೃಷ್ಟಿಗೆ ಎನ್‌ಎಚ್‌ಎಸ್ ಸಾಮಾನ್ಯವಾಗಿ ಲೇಸರ್ ಮಾಡುವುದಿಲ್ಲ. ಕಾರ್ನಿಯಾದ, ಅಂದರೆ ಕಣ್ಣಿನ ಕಪ್ಪು ಭಾಗದ ಮೇಲಿರುವ ಪಾರದರ್ಶಕ ಹೊದಿಕೆಯ, ಕೆಲವು ಕಾಯಿಲೆಗಳಿಗೆ ಮಾತ್ರ ಈ ಲೇಸರ್ ಮಾಡುತ್ತದೆ. ಆಫೀಸಿನ ಪ್ರೈವೇಟ್ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಕೊಡುವುದಿಲ್ಲ. ಅಂದರೆ ಇದು ನಿಮ್ಮ ಜೇಬಿನ ದುಡ್ಡು, ಎರಡೂ ಕಣ್ಣಿಗೆ ಸೇರಿ ಹಲವು ಸಾವಿರ ಪೌಂಡ್.

ಜಿಪಿಯ, ಅಂದರೆ ನೀವು ಹೆಸರು ಬರೆಸಿರುವ ಬಡಾವಣೆಯ ಡಾಕ್ಟರ ಚೀಟಿ ಬೇಕಿಲ್ಲ. ನೀವೇ ಫೋನ್ ಮಾಡಿ ಕ್ಲಿನಿಕ್ಕಿಗೆ ಹೋಗಬಹುದು. ತೊಂದರೆ ಶುರುವಾಗುವುದೂ ಅಲ್ಲೇ. ಬೇರೆ ಆಪರೇಷನ್‌ಗಳಿಗೆ ಇಲ್ಲಿ ಸಾಮಾನ್ಯವಾಗಿ ಜಿಪಿ ನಡುವೆ ನಿಂತು ಬೇಕೋ ಬೇಡವೋ ನೋಡುತ್ತಾರೆ. ಇದರಲ್ಲಿ ಜಾಹೀರಾತಿಗೂ ನಿಮ್ಮ ಕಣ್ಣಿಗೂ ನಡುವೆ ಯಾರೂ ಇಲ್ಲ. ಜಿಪಿ ನೋಡಬೇಕಾದ್ದನ್ನು ನೀವೇ ನೋಡಿಕೊಳ್ಳಬೇಕು.

ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಮಾಡಿಸಿಕೊಳ್ಳೋಣ ಅಂತ ಹೊರಟಿದ್ದೆವು. ಇಬ್ಬರಿಗೂ ಮೈನಸ್ ಐದರ ಹತ್ತಿರ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಮೆಷಿನ್‌ಗಳ ಮುಂದೆ ಗದ್ದ ಇಟ್ಟು ಕೂತೆವು. ಸರ್ಜನ್ನಿನ ಮುಖವನ್ನೇ ನಾವು ನೋಡಲಿಲ್ಲ. ಇಬ್ಬರಿಗೂ ಲ್ಯಾಸಿಕ್ ಅನ್ನುವ ಲೇಸರ್ ಆಪರೇಷನ್ ಆಗುತ್ತದೆ ಅಂತ ಅಲ್ಲಿನ ಸಿಬ್ಬಂದಿ ಅಂದರು. ಸಂಜೆಯೇ ಫೋನ್ ಬಂತು: ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ. ಆ ಅವಸರ ನನಗೆ ಹಿಡಿಸಲಿಲ್ಲ. ಎರಡನೇ ಕಡೆ ಹೋದಾಗ ಸರ್ಜನ್ ತಾವೇ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಅದರಲ್ಲಿ ಕಾರ್ನಿಯಾದ ನಕ್ಷೆ ಇತ್ತು, ಬಣ್ಣ ಬಣ್ಣದ್ದು. ನನ್ನದರಲ್ಲಿ ನಡುವೆ ಡಮರುವಿನ ಆಕಾರ, ಮೇಲೂ ಕೆಳಗೂ ಒಂದೇ ಸಮ. ಅವಳದ್ದರಲ್ಲಿ ಡಮರುವಿನ ಕೆಳಗಿನ ಅರ್ಧ ಊದಿಕೊಂಡು ಕೆಂಪಗಾಗಿತ್ತು. ಪೆನ್ನಿನ ತುದಿಯನ್ನು ಅಲ್ಲಿಟ್ಟು, “ಇದು ಕೆರಟೊಕೋನಸ್‌ನ ಶುರು ಇರಬಹುದು. ಈ ಕಣ್ಣಿಗೆ ನಾನು ಲೇಸರ್ ಮಾಡುವುದಿಲ್ಲ” ಅಂದರು.

ಈ ಹೆಸರನ್ನು ದಯವಿಟ್ಟು ನೆನಪಿಡಿ. ಕೆರಟೊಕೋನಸ್ ಬಂದರೆ ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಚೂಪಾಗುತ್ತದೆ. ಬಿಳಿಯರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾ ಮೂಲದ ನಮ್ಮಂಥವರಲ್ಲಿ ಇದು ಹಲವು ಪಟ್ಟು ಜಾಸ್ತಿ ಅಂತ ಬ್ರಿಟನ್‌ನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಅಲರ್ಜಿಯಿಂದ ಕಣ್ಣು ಉಜ್ಜುವ ಅಭ್ಯಾಸ ಇದ್ದರೆ ಇನ್ನೂ ಎಚ್ಚರ ಬೇಕು. ಶುರುವಿನಲ್ಲಿ ಕನ್ನಡಕ ಹಾಕಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಸ್ಕ್ಯಾನ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಅಂಥ ಕಾರ್ನಿಯಾವನ್ನು ಲೇಸರ್‌ನಿಂದ ಇನ್ನಷ್ಟು ತೆಳ್ಳಗೆ ಮಾಡಿದರೆ ಅದು ಮುಂದೆ ಉಬ್ಬಿ, ಕನ್ನಡಕಕ್ಕೂ ಬಗ್ಗದ ಮಂಜು ಉಳಿಯಬಹುದು. ಮನೆಯಲ್ಲಿ ಯಾರಿಗಾದರೂ ಇದ್ದರೆ, ಅಥವಾ ಸಿಲಿಂಡರ್ ಪವರ್ ವರ್ಷ ವರ್ಷ ಏರುತ್ತಿದ್ದರೆ, ಮೊದಲ ಮಾತಿಗೇ ಸರ್ಜನ್‌ಗೆ ಹೇಳಿಬಿಡಿ. ಒಂದು ಸಮಾಧಾನ ಅಂದರೆ, ಕೆರಟೊಕೋನಸ್ ಕಾಯಿಲೆ ಆದ್ದರಿಂದ ಅದನ್ನು ಎನ್‌ಎಚ್‌ಎಸ್ ನೋಡಿಕೊಳ್ಳುತ್ತದೆ. ಅದು ಬೆಳೆಯುತ್ತಿದ್ದರೆ ತಡೆಯುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯೂ ಅಲ್ಲಿ ಸಿಗುತ್ತದೆ.

ಸ್ಕ್ಯಾನ್ ಸರಿಯಾಗಿ ಬರಬೇಕಾದರೆ ಕಾಂಟಾಕ್ಟ್ ಲೆನ್ಸ್ ಬಿಟ್ಟಿರಬೇಕು. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ನಾಲ್ಕು ವಾರ ಅಥವಾ ಜಾಸ್ತಿ. ಹಿಂದಿನ ದಿನದವರೆಗೂ ಲೆನ್ಸ್ ಹಾಕಿ ಹೋದರೆ ನಕ್ಷೆಯೇ ತಪ್ಪು ಬರುತ್ತದೆ.

ಯಾವ ಲೇಸರ್?

ಜಾಹೀರಾತುಗಳೆಲ್ಲ ಮೆಷಿನ್ ಹೆಸರಿನ ಮೇಲೆ ನಿಂತಿವೆ. ನಿಜವಾಗಿ ತೀರ್ಮಾನ ಮಾಡುವುದು ನಿಮ್ಮ ಕಾರ್ನಿಯಾದ ಆಕಾರ, ದಪ್ಪ, ಪವರ್, ವಯಸ್ಸು. ಸರಾಸರಿ ಕಾರ್ನಿಯಾ ಸುಮಾರು 540 ಮೈಕ್ರಾನ್, ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಒಂದು ಪವರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ತೆಗೆಯಬೇಕು. ಲ್ಯಾಸಿಕ್‌ನಲ್ಲಿ ಮೊದಲು 100–110 ಮೈಕ್ರಾನ್ ದಪ್ಪದ ಪದರವನ್ನು ಪುಸ್ತಕದ ರಟ್ಟಿನ ಹಾಗೆ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ. ಈಗ ಲೆಕ್ಕ ಹಾಕಿ. ನಿಮ್ಮ ಕಾರ್ನಿಯಾ 500, ಪವರ್ ಮೈನಸ್ ಏಳು. ಪದರಕ್ಕೆ 110, ಪವರ್‌ಗೆ ಸುಮಾರು 100. ಕೆಳಗೆ ಉಳಿಯುವುದು 290. ಕನಿಷ್ಠ 250 ಉಳಿಯಲೇಬೇಕು ಅನ್ನುವುದು ಹಳೆಯ ಗೆರೆ. ಈಗ ಅನೇಕ ಸರ್ಜನ್‌ಗಳು 300ರ ಹತ್ತಿರ ಇರಲಿ ಅನ್ನುತ್ತಾರೆ. ಅಂದರೆ ಈ ಕಣ್ಣಿಗೆ ಲ್ಯಾಸಿಕ್ ಅಂಚಿನಲ್ಲಿದೆ. ಕಾರ್ನಿಯಾ ಎಷ್ಟು ದಪ್ಪ, ಎಷ್ಟು ತೆಗೆಯುತ್ತೀರಿ, ಕೆಳಗೆ ಎಷ್ಟು ಉಳಿಯುತ್ತದೆ, ಈ ಮೂರು ಸಂಖ್ಯೆಗಳನ್ನು ನನ್ನ ಕಣ್ಣಿಗೆ ಲೆಕ್ಕ ಹಾಕಿ ಹೇಳಿ ಅಂತ ಕೇಳಿದರೆ ಒಳ್ಳೆಯ ಸರ್ಜನ್ ಖುಷಿಯಿಂದ ಹೇಳುತ್ತಾರೆ.

ಲ್ಯಾಸಿಕ್‌ನ ದೊಡ್ಡ ಅನುಕೂಲ ಬೇಗ ಗುಣ ಆಗುವುದು. ಎಷ್ಟೋ ಜನಕ್ಕೆ ಮಾರನೇ ದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಎತ್ತಿದ ಪದರ ಮೊದಲಿನಷ್ಟು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಬಾಕ್ಸಿಂಗ್, ಕರಾಟೆ ಆಡುವವರು ಇದನ್ನು ಯೋಚಿಸಬೇಕು. ಕಣ್ಣು ಒಣಗುವ ತೊಂದರೆಯೂ ಕೆಲವು ತಿಂಗಳು ಇರುತ್ತದೆ, ಕೆಲವರಿಗೆ ಅದಕ್ಕಿಂತ ಜಾಸ್ತಿ. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ನಮ್ಮಲ್ಲಿ ಎಷ್ಟೋ ಜನರ ಕಣ್ಣು ಮೊದಲೇ ಒಣಗಿರುತ್ತದೆ. ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿಕೊಂಡು ಆಮೇಲೆ ಲೇಸರ್ ಕಡೆ ಹೋಗಿ.

ಪಿಆರ್‌ಕೆ ಹಳೆಯದು. ಲ್ಯಾಸೆಕ್, ಟ್ರಾನ್ಸ್‌ಪಿಆರ್‌ಕೆ ಎಲ್ಲ ಇದೇ ಗುಂಪು. ಪದರ ಎತ್ತುವುದಿಲ್ಲ. ಮೇಲಿನ ಚರ್ಮದಂಥ ಪೊರೆಯನ್ನು ಮಾತ್ರ ತೆಗೆದು ಲೇಸರ್ ಬಿಡುತ್ತಾರೆ, ಅದು ತಾನಾಗಿ ಮತ್ತೆ ಬೆಳೆಯುತ್ತದೆ. ಮೂರು ನಾಲ್ಕು ದಿನ ಚೆನ್ನಾಗಿಯೇ ನೋವು ಇರುತ್ತದೆ. ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಇರುತ್ತದೆ. ಒಂದೆರಡು ವಾರ ಮಂಜು, ಪೂರ್ತಿ ತಿಳಿಯಾಗಲು ತಿಂಗಳುಗಳು. ನನ್ನ ನಕ್ಷೆ ಚೆನ್ನಾಗಿದ್ದರೂ ಕಾರ್ನಿಯಾ ತೆಳ್ಳಗಿತ್ತು, ಹಾಗಾಗಿ ನನಗೆ ಮಾಡಿದ್ದು ಇದೇ. ಎರಡನೇ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಆಗಿ, ಪರದೆ ಎಲ್ಲ ಎಳೆದು ಕತ್ತಲಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದೆ. ಐದನೇ ದಿನ ನೋವು ಪೂರ್ತಿ ಹೋಯಿತು. ತೆಳು ಕಾರ್ನಿಯಾ ಇದ್ದವರಿಗೆ ಈ ಹಳೆಯ ದಾರಿಯೇ ಎಷ್ಟೋ ಸಲ ಕ್ಷೇಮ. “ಅದು ಹಳೇ ಟೆಕ್ನಾಲಜಿ” ಅಂತ ಯಾರಾದರೂ ತಳ್ಳಿಹಾಕಿದರೆ ನಂಬಬೇಡಿ.

ಇನ್ನು ಸ್ಮೈಲ್. ಕಾರ್ನಿಯಾದ ಒಳಗೇ ಲೇಸರ್‌ನಿಂದ ಒಂದು ಪುಟ್ಟ ಬಿಲ್ಲೆ ಕತ್ತರಿಸಿ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಹೊರಗೆ ಎಳೆಯುತ್ತಾರೆ. ಲ್ಯಾಸಿಕ್‌ನ ಸೀಳು ಸುಮಾರು 20 ಮಿಲಿಮೀಟರ್ ಇರುವುದರಿಂದ ಅದಕ್ಕಿಂತ ಸ್ಮೈಲ್‌ನಲ್ಲಿ ನರಗಳು ತುಂಡಾಗುವುದು ಕಡಿಮೆ, ಕಣ್ಣು ಒಣಗುವುದೂ ಸ್ವಲ್ಪ ಕಡಿಮೆ. ಇದನ್ನು ಮುಖ್ಯವಾಗಿ ಮೈನಸ್ ಪವರ್‌ಗೆ ಮಾಡುತ್ತಾರೆ. ಮುಂದೆ ಸ್ವಲ್ಪ ಪವರ್ ಉಳಿದರೆ ಸರಿಪಡಿಸಲು ಸಾಮಾನ್ಯವಾಗಿ ಪಿಆರ್‌ಕೆಯನ್ನೇ ಬಳಸುತ್ತಾರೆ, ಆ ಮಾತನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸ್ಮೈಲ್ ಆದರೆ ಕೆರಟೊಕೋನಸ್ ಇದ್ದರೂ ನಡೆಯುತ್ತದೆ ಅನ್ನುವುದು ತಪ್ಪು ತಿಳುವಳಿಕೆ.

(ಒಂದು ಮಾತು ಹೇಳದೆ ಇರಲಾರೆ. ಲ್ಯಾಸಿಕ್‌ಗೂ ಪಿಆರ್‌ಕೆಗೂ ಬೇಕಾದ ಎಕ್ಸೈಮರ್ ಲೇಸರ್ ಜೀವಿಗಳ ಅಂಗಾಂಶವನ್ನು ಸುಡದೆ ಕೆತ್ತಬಲ್ಲದು ಅಂತ 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಿನಲ್ಲಿ ಕಂಡುಕೊಂಡವರಲ್ಲಿ ಒಬ್ಬರು ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್.)

ಪವರ್ ತುಂಬಾ ಜಾಸ್ತಿ ಇದ್ದರೆ ಅಥವಾ ಕಾರ್ನಿಯಾ ಲೇಸರ್‌ಗೆ ಸಾಲದಿದ್ದರೆ ಐಸಿಎಲ್ ಇದೆ: ಕಣ್ಣಿನೊಳಗೆ ಸ್ವಂತ ಲೆನ್ಸಿನ ಮುಂದೆ ಇನ್ನೊಂದು ಲೆನ್ಸ್ ಕೂರಿಸುವುದು. ಬೇಡ ಅನಿಸಿದರೆ ತೆಗೆಯಬಹುದು. ಆದರೆ ಕಣ್ಣಿನೊಳಗಿನ ಆಪರೇಷನ್, ಖರ್ಚೂ ಜಾಸ್ತಿ. ಮುಂದೆ ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬರುವ, ಕಣ್ಣಿನ ಒತ್ತಡ ಏರುವ ಅಪಾಯ ಸಣ್ಣದಾಗಿ ಇದ್ದೇ ಇದೆ.

ನಲವತ್ತೈದು ದಾಟಿದವರಿಗೆ ಬೇರೆ ಮಾತು. ದೂರದ್ದು ಲೇಸರ್‌ನಿಂದ ಸರಿಯಾದರೂ ಚಾಳೀಸು ಬಂದೇ ಬರುತ್ತದೆ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುತ್ತೇವೆ ಅಂದರೆ, ಮೊದಲು ಕೆಲವು ದಿನ ಕಾಂಟಾಕ್ಟ್ ಲೆನ್ಸಿನಲ್ಲಿ ಹಾಗೆ ಬದುಕಿ ನೋಡಿ. ಈ ವಯಸ್ಸಿನವರಿಗೆ ಸ್ವಂತ ಲೆನ್ಸನ್ನೇ ಬದಲಿಸುವ ಆಪರೇಷನ್ ಅನ್ನೂ ಮುಂದಿಡುತ್ತಾರೆ. ಮೈನಸ್ ಪವರ್ ಜಾಸ್ತಿ ಇದ್ದವರಿಗೆ ಅದರಿಂದ ರೆಟಿನಾ ಕಳಚುವ ಅಪಾಯ ಹೆಚ್ಚು. ಸರ್ಜನ್ ಇದನ್ನು ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಪವರ್ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದರೆ, ಬಸುರಿ ಬಾಣಂತಿಯರಾದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಸದ್ಯಕ್ಕೆ ಯಾವುದೂ ಬೇಡ.

ಯಾವ ಸರ್ಜನ್?

ಮೊದಲು ಇಲ್ಲಿನ ಹೆಸರುಗಳು. ಬೀದಿ ಬದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು ಆಪ್ಟೋಮೆಟ್ರಿಸ್ಟ್. ಅವರ ನೋಂದಣಿ ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ. ತರಬೇತಿ ಪಡೆದವರೇ, ಆದರೆ ಆಪರೇಷನ್ ಮಾಡುವವರಲ್ಲ. ಆಪರೇಷನ್ ಮಾಡುವವರು ಆಫ್ತಾಲ್ಮಾಲಜಿಸ್ಟ್. ಅವರ ಬೋರ್ಡಿನ ಮೇಲೆ ‘ಡಾಕ್ಟರ್’ ಬದಲು ‘ಮಿಸ್ಟರ್’ ಅಥವಾ ‘ಮಿಸ್’ ಅಂತ ಇದ್ದರೆ ಗಾಬರಿ ಬೇಡ. ಬ್ರಿಟನ್‌ನಲ್ಲಿ ಸರ್ಜನ್‌ಗಳನ್ನು ಹಾಗೇ ಕರೆಯುವುದು.

ಹೆಸರು ಸಿಕ್ಕ ಕೂಡಲೇ ಜಿಎಂಸಿ, ಅಂದರೆ ಜನರಲ್ ಮೆಡಿಕಲ್ ಕೌನ್ಸಿಲ್‌ನ ರಿಜಿಸ್ಟರ್‌ನಲ್ಲಿ ಹುಡುಕಿ. ಉಚಿತ, ಎರಡು ನಿಮಿಷದ ಕೆಲಸ. ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಆಫ್ತಾಲ್ಮಾಲಜಿ ಅಂತ ಇದೆಯಾ, ಪ್ರಾಕ್ಟೀಸಿಗೆ ಏನಾದರೂ ಷರತ್ತು ಹಾಕಿದ್ದಾರಾ, ಅಲ್ಲೇ ಕಾಣುತ್ತದೆ. ಆಮೇಲೆ ರಾಯಲ್ ಕಾಲೇಜ್ ಆಫ್ ಆಫ್ತಾಲ್ಮಾಲಜಿಸ್ಟ್ಸ್ ಲೇಸರ್ ಸರ್ಜರಿಗೆಂದೇ ಕೊಡುವ ಸರ್ಟಿಫಿಕೇಟ್ ಇದೆಯಾ ಕೇಳಿ. ಕ್ಲಿನಿಕ್ಕನ್ನು ಇಂಗ್ಲೆಂಡಿನಲ್ಲಾದರೆ ಸಿಕ್ಯೂಸಿ ಅನ್ನುವ ತಪಾಸಣೆ ಸಂಸ್ಥೆ ನೋಡಿಕೊಳ್ಳುತ್ತದೆ, ಅದರ ತಪಾಸಣೆ ವರದಿಗಳು ಎಲ್ಲರಿಗೂ ಸಿಗುತ್ತವೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಅವುಗಳದೇ ಸಂಸ್ಥೆಗಳಿವೆ.

ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ ಇನ್ನೊಂದು ಇದೆ. ಅದೇ ರಾಯಲ್ ಕಾಲೇಜು 2017ರಲ್ಲಿ ಈ ಆಪರೇಷನ್‌ಗಳಿಗೆ ನಿಯಮಾವಳಿ ತಂದಿದೆ. ಆಪರೇಷನ್ ಮಾಡುವ ಸರ್ಜನ್ನೇ ಅದಕ್ಕಿಂತ ಮುಂಚಿನ ಒಂದು ದಿನ ನಿಮ್ಮ ಜೊತೆ ಮಾತಾಡಿ ಸಲಹೆ ಕೊಡಬೇಕು. ಸಲಹೆಗೂ ಆಪರೇಷನ್‌ಗೂ ನಡುವೆ ಕನಿಷ್ಠ ಒಂದು ವಾರ ಯೋಚಿಸಲು ಬಿಡಬೇಕು. ‘ಇಂಥ ದಿನದೊಳಗೆ ಕಟ್ಟಿದರೆ ಕಡಿಮೆ’ ಅನ್ನುವ ಆಮಿಷ ಕೂಡದು. ನಮಗೆ ಬಂದ ಆ ಭಾನುವಾರದ ಫೋನ್ ಈ ಮಾತಿಗೆ ನೇರ ವಿರುದ್ಧ. ನನಗೆ ಆಗ ಇದು ಗೊತ್ತಿರಲಿಲ್ಲ.

ಸರ್ಜನ್ ಎದುರು ಕೂತಾಗ ನಾಚಿಕೆ ಬೇಡ. ನಮ್ಮಲ್ಲಿ ಡಾಕ್ಟರನ್ನು ಪ್ರಶ್ನೆ ಕೇಳಿದರೆ ಅಗೌರವ ಅನ್ನುವ ಭಾವನೆ ಇದೆ. ಇಲ್ಲಿ ಹಾಗಿಲ್ಲ, ಕೇಳದಿದ್ದರೆ ಎಲ್ಲ ಅರ್ಥವಾಗಿದೆ ಅಂದುಕೊಳ್ಳುತ್ತಾರೆ. ನನ್ನ ಪವರ್‌ನವರಲ್ಲಿ ಎಷ್ಟು ಜನಕ್ಕೆ ಎರಡನೇ ಸಲ ಮಾಡಬೇಕಾಯಿತು? ಅದಕ್ಕೆ ಮತ್ತೆ ದುಡ್ಡಾ, ಎಷ್ಟು ವರ್ಷದವರೆಗೆ ಬಿಟ್ಟಿ? ರಾತ್ರಿ ಹತ್ತಕ್ಕೆ ಕಣ್ಣು ಕೆಂಪಾಗಿ ನೋವು ಬಂದರೆ ಯಾರು ಫೋನ್ ಎತ್ತುತ್ತಾರೆ? ಆಮೇಲಿನ ಚೆಕಪ್‌ಗೆ ನೀವೇ ಇರುತ್ತೀರಾ, ಇಲ್ಲಾ ತಿಂಗಳಿಗೊಮ್ಮೆ ಬೇರೆ ಊರಿಂದ ಬಂದು ಹೋಗುತ್ತೀರಾ? ಮತ್ತೆ, ನಿಮ್ಮ ತಂಗಿಯ ಕಣ್ಣು ಹೀಗಿದ್ದರೆ ಏನು ಮಾಡುತ್ತಿದ್ದಿರಿ? ನಾವು ಕೊನೆಯದನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕನ್ನಡಕ ಹಾಕಿಕೋ ಅನ್ನುತ್ತಿದ್ದೆ” ಅಂದರು.

ಎರಡು ಕಡೆ ತೋರಿಸಿ, ಸಾಧ್ಯವಾದರೆ ಮೂರು. ಒಂದು ಕಡೆ ಆದ ಸ್ಕ್ಯಾನ್‌ಗಳ ಪ್ರತಿ ಕೇಳುವುದು ನಿಮ್ಮ ಹಕ್ಕು. ಡೇಟಾ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು.

ದುಡ್ಡು, ಡ್ರೈವಿಂಗ್, ಊರು

‘ಇಷ್ಟರಿಂದ ಶುರು’ ಅಂತ ಬರೆದಿರುವ ಬೆಲೆ ಸಾಮಾನ್ಯವಾಗಿ ಒಂದು ಕಣ್ಣಿಗೆ, ಅದೂ ಕಡಿಮೆ ಪವರ್‌ಗೆ. ಚೆಕಪ್, ಡ್ರಾಪ್ಸ್, ಎರಡನೇ ಸಲದ ಲೇಸರ್ ಎಲ್ಲ ಸೇರಿಸಿ ಬರಹದಲ್ಲಿ ಕೊಡಿ ಅನ್ನಿ. ಸ್ವಲ್ಪವಾದರೂ ಕ್ರೆಡಿಟ್ ಕಾರ್ಡಿನಲ್ಲಿ, ನೇರ ಕ್ಲಿನಿಕ್ಕಿಗೇ ಕಟ್ಟಿ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ ಸೆಕ್ಷನ್ 75ರ ಪ್ರಕಾರ, 100 ಪೌಂಡ್‌ಗಿಂತ ಜಾಸ್ತಿ, 30,000ದವರೆಗಿನ ಖರೀದಿಗೆ ಕಾರ್ಡ್ ಕಂಪನಿಗೂ ಜವಾಬ್ದಾರಿ ಇರುತ್ತದೆ. ಕ್ಲಿನಿಕ್ ಬಾಗಿಲು ಹಾಕಿದರೆ ಇದು ಕೈ ಹಿಡಿಯುತ್ತದೆ.

ಕಾರು ಓಡಿಸಲು 20 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಲು ಬರಬೇಕು, ಅಕ್ಷರದ ಚಾರ್ಟ್ ಓದಿಸಿ ಅಳೆಯುವ ದೃಷ್ಟಿ ಕನಿಷ್ಠ 6/12 ಇರಬೇಕು. ಸರ್ಜನ್ ಸರಿ ಅನ್ನುವವರೆಗೆ ಸ್ಟೀರಿಂಗ್ ಮುಟ್ಟಬೇಡಿ. ದೂರದ್ದು ಮಂಜಾಗಿದ್ದಕ್ಕೆ ಆಪರೇಷನ್ ಮಾಡಿಸಿ ಈ ಮಟ್ಟ ಮುಟ್ಟಿದ್ದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿವಿಎಲ್ಎಗೆ ತಿಳಿಸುವ ಅಗತ್ಯ ಇಲ್ಲ. ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು ಕೆಲವು ತಿಂಗಳು ಇರಬಹುದು. ಚಳಿಗಾಲದಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ದಿನಾ ಮೋಟರ್‌ವೇಯಲ್ಲಿ ಹೋಗಬೇಕಾದವರು ವಸಂತದಲ್ಲಿ ಮಾಡಿಸಿಕೊಂಡರೆ ಒಳ್ಳೆಯದು.

ಊರಿಗೆ ಹೋದಾಗ ಮಾಡಿಸಿಕೊಂಡರೆ ಕಡಿಮೆ ಖರ್ಚು ಅಲ್ವಾ? ಹೌದು. ಒಳ್ಳೆಯ ಸರ್ಜನ್‌ಗಳೂ ಇದ್ದಾರೆ. ಆದರೆ ಮೂರು ವಾರದ ರಜೆಯ ಕೊನೆಗೆ ಇಟ್ಟುಕೊಳ್ಳಬೇಡಿ. ಇಳಿದ ವಾರವೇ ತೋರಿಸಿ, ಕನಿಷ್ಠ ಎರಡು ವಾರದ ಚೆಕಪ್ ಅಲ್ಲೇ ಮುಗಿಸಿ ಬನ್ನಿ. ಸೋಂಕಾದರೆ ಇಲ್ಲಿನ ಎನ್‌ಎಚ್‌ಎಸ್ ಐ ಕ್ಯಾಶುಯಲ್ಟಿ ನೋಡುತ್ತದೆ, ಲಂಡನ್ನಿನ ಮೂರ್‌ಫೀಲ್ಡ್ಸ್‌ನಂಥ ಕಡೆ ಕಣ್ಣಿಗೆಂದೇ ತುರ್ತು ವಿಭಾಗ ಇದೆ. ಉಳಿದ ಪವರ್ ಸರಿಪಡಿಸುವುದು ಮಾತ್ರ ಅವರ ಕೆಲಸ ಅಲ್ಲ.

ಎಲ್ಲೇ ಮಾಡಿಸಿ, ಆಪರೇಷನ್‌ಗೆ ಮುಂಚಿನ ಪವರ್, ಕಾರ್ನಿಯಾದ ಅಳತೆ, ನಕ್ಷೆ ಇರುವ ಕಾಗದ ತಗೊಂಡು ಇಟ್ಟುಕೊಳ್ಳಿ. ಅರವತ್ತರಲ್ಲಿ ಪೊರೆ ಬಂದಾಗ ಯಾವ ಪವರ್‌ನ ಲೆನ್ಸ್ ಹಾಕಬೇಕು ಅಂತ ಲೆಕ್ಕ ಹಾಕಲು ಅದು ಬೇಕಾಗುತ್ತದೆ, ಆಗ ನಾವು ಯಾವ ದೇಶದಲ್ಲಿರುತ್ತೇವೋ. ನನ್ನದು ಪಾಸ್‌ಪೋರ್ಟ್ ಇಟ್ಟ ಫೈಲಿನಲ್ಲೇ ಇದೆ. ಹೆಂಡತಿಯ ನಕ್ಷೆಗಳೂ ಅದರ ಹಿಂದೆಯೇ ಇವೆ, ವರ್ಷಕ್ಕೊಂದರಂತೆ ಮೂರು. ಮೂರರಲ್ಲೂ ಆ ಕೆಂಪು ಬೆಳೆದಿಲ್ಲ.