ಮಳೆಗಾಲದಲ್ಲಿ ಬೂತ್ ಇಲ್ಲದೆ ಕಾರಿಗೆ ಬಣ್ಣ ಹೊಡೆದ ನನ್ನ ಅನುಭವ

ಉಡುಪಿ ಮತ್ತು ಕುಂದಾಪುರದ ನಡುವೆ ಹೆದ್ದಾರಿ 66ರ ಬದಿಯಲ್ಲಿರುವ ನನ್ನ ಗ್ಯಾರೇಜಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಂಕರಿಂಗ್ ಮಾತ್ರ ನಡೆಯುತ್ತಿತ್ತು, ಪೇಂಟಿಂಗ್ ನಿಂತುಹೋಗುತ್ತಿತ್ತು. ಕರಾವಳಿಯ ಸಣ್ಣ ಗ್ಯಾರೇಜುಗಳಲ್ಲಿ ಹೆಚ್ಚಿನವು ಹೀಗೆಯೇ ಮಾಡುತ್ತವೆ. ಆದರೆ ಬಂಪರ್ ಒಡೆದುಕೊಂಡು, ಡೋರ್ ಗೀರಿಸಿಕೊಂಡು ಕಾರುಗಳು ಬರುವುದು ಮಳೆಗಾಲದಲ್ಲೇ ಜಾಸ್ತಿ, ಆ ಕೆಲಸವೆಲ್ಲ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ದೊಡ್ಡ ವರ್ಕ್‌ಶಾಪುಗಳ ಪಾಲಾಗುತ್ತಿತ್ತು. ಕಳೆದ ಎರಡು ಮಳೆಗಾಲಗಳಲ್ಲಿ ನಾನು ಮೆಟಾಲಿಕ್ ಬಣ್ಣಗಳೂ ಸೇರಿದಂತೆ 2ಕೆ (ಹಾರ್ಡ್‌ನರ್ ಬೆರೆಸಿ ಗಟ್ಟಿಯಾಗಿಸುವ ಬಣ್ಣ) ಪೇಂಟಿಂಗನ್ನು ನಿಲ್ಲಿಸಿಲ್ಲ. ಬಣ್ಣದ ಕಂಪನಿಯ ಪ್ರತಿನಿಧಿಯೂ ನನಗಿಂತ ಹಿರಿಯರಾದ ಇಬ್ಬರು ಪೇಂಟರುಗಳೂ ‘ಬಿಸಿಲು ಬಂದ ಮೇಲೆ ಎಲ್ಲ ಎದ್ದು ಬರುತ್ತದೆ, ಆಮೇಲೆ ನೋಡು’ ಎಂದಿದ್ದರು. ಎರಡು ಬೇಸಿಗೆ ಕಳೆದಿವೆ. ಆಗ ಹೊಡೆದ ಫೆಂಡರುಗಳನ್ನು ಈಗ ಅವರೇ ಬಂದು ಬೆರಳಾಡಿಸಿ ನೋಡಿ ಹೋಗುತ್ತಾರೆ.

ಅದಕ್ಕೂ ಮುಂಚೆ ಹಾಳಾದ ಕೆಲಸಗಳ ಲೆಕ್ಕವನ್ನು ಹೇಳಿಬಿಡುತ್ತೇನೆ. ಎನ್‌ಸಿ (ಹಳೆಯ ನೈಟ್ರೋಸೆಲ್ಯುಲೋಸ್ ಬಣ್ಣ) ಕಾಲದಲ್ಲಿ ಮಳೆಯ ದಿನ ಹೊಡೆದ ಬಣ್ಣ ಬೆಳ್ಳಗೆ ಮಬ್ಬಾಗುವುದನ್ನು ನಾವೆಲ್ಲ ನೋಡಿದ್ದೇವೆ. 2ಕೆ ಬಂದ ಮೇಲೆ ಆ ಮಬ್ಬು ಕಡಿಮೆಯಾಯಿತು, ಆದರೆ ಹಾನಿ ತಡವಾಗಿ ಕಾಣಿಸಿಕೊಳ್ಳತೊಡಗಿತು. ಆಗಸ್ಟ್‌ನಲ್ಲಿ ಹೊಳೆಯುತ್ತಾ ಹೋದ ಕಾರು ಡಿಸೆಂಬರಿನಲ್ಲಿ ಡೋರಿನ ಕೆಳಭಾಗದ ತುಂಬ ಸಾಸಿವೆ ಗಾತ್ರದ ಗುಳ್ಳೆಗಳೊಂದಿಗೆ ವಾಪಸು ಬರುತ್ತಿತ್ತು. ಸಿಲ್ಕಿ ಸಿಲ್ವರ್ ಬಣ್ಣದ ಒಂದು ವ್ಯಾಗನ್‌ಆರ್ ಹೀಗೆ ಬಂದಾಗ ಗುಳ್ಳೆಯೊಂದನ್ನು ಬ್ಲೇಡಿನ ತುದಿಯಿಂದ ಬಿಡಿಸಿ ನೋಡಿದೆ. ಒಳಗೆ ಇಷ್ಟೇ ಇಷ್ಟು ನೀರಿತ್ತು, ಪುಟ್ಟಿಯ ಪದರವನ್ನು ಉಗುರಿನಿಂದ ಎತ್ತಿದರೆ ಅಂಗೈಯಗಲ ಎದ್ದು ಬಂತು, ಅದರ ಅಡಿಯಲ್ಲಿ ತಗಡು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಡೋರುಗಳನ್ನು ಪೂರ್ತಿ ಇಳಿಸಿ ಮತ್ತೆ ಮಾಡಿಕೊಡಬೇಕಾಯಿತು. ಐದು ಸಾವಿರಕ್ಕೆ ಒಪ್ಪಿಕೊಂಡಿದ್ದ ಕೆಲಸಕ್ಕೆ ಸಾಮಾನು, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. ಆ ವರ್ಷ ಇಂಥವು ಹಲವು ಬಂದವು, ಒಟ್ಟು ನಷ್ಟ ಅರ್ಧ ಲಕ್ಷದ ಆಸುಪಾಸು ಇದ್ದಿರಬೇಕು.

ಇದಕ್ಕೆ ಬಣ್ಣ ಕಾರಣವಲ್ಲ, ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು ಕಾರಣ. ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೂ ಬರೆದಿರುತ್ತದೆ, ಆದರೆ ಧೂಳು ಏಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಹುಡುಗರ ಕೈ ಬಕೆಟ್ಟಿನ ಕಡೆಗೇ ಹೋಗುತ್ತದೆ. ಬೇಸಿಗೆಯಲ್ಲಿ ಆ ನೀರು ಹೇಗೋ ಆರಿಹೋಗುತ್ತದೆ. ಜುಲೈನಲ್ಲಿ ಅದು ಆರುವುದೇ ಇಲ್ಲ, ಅದರ ಮೇಲೆ ಸರ್ಫೇಸರ್ (ಬಣ್ಣಕ್ಕೆ ಮುಂಚಿನ ಪದರ) ಕೂರುತ್ತದೆ, ಬಣ್ಣ ಕೂರುತ್ತದೆ. ಈಗ ನಮ್ಮಲ್ಲಿ ಪುಟ್ಟಿಯ ಮೇಲೆ 80, 180, 320 ನಂಬರಿನ ಪೇಪರ್ ಎಲ್ಲವೂ ಒಣ ಉಜ್ಜುವಿಕೆಯೇ, ಸರ್ಫೇಸರ್ ಒಣಗಿದ ಮೇಲೆ ಮಾತ್ರ ವಾಟರ್ ಪೇಪರ್ ಮುಟ್ಟಬಹುದು. ಧೂಳಿಗೆಂದು ಒಂದು ಹಳೆಯ ವ್ಯಾಕ್ಯೂಮ್ ಯಂತ್ರ ಮತ್ತು ಒಳ್ಳೆಯ ಮಾಸ್ಕುಗಳನ್ನು ತಂದೆ. ಹುಡುಗರು ಸುಮಾರು ಒಂದು ತಿಂಗಳು ಗೊಣಗಿದರು.

ಎರಡನೆಯ ಶತ್ರು ಕಂಪ್ರೆಸರಿನೊಳಗಿನ ನೀರು, ಇದಕ್ಕೆ ನಾನು ಸುರಿದಷ್ಟು ಹಣವನ್ನು ಬೇರೆ ಯಾವುದಕ್ಕೂ ಸುರಿದಿಲ್ಲ. ಗನ್ನಿನ ಬುಡಕ್ಕೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಹಾಕಿದೆ, ಅರ್ಧ ಗಂಟೆಯಲ್ಲಿ ತುಂಬಿತು. ದೊಡ್ಡ ಮಾಯಿಶ್ಚರ್ ಸೆಪರೇಟರ್ ತಂದು ಕಂಪ್ರೆಸರಿನ ಪಕ್ಕದಲ್ಲೇ ಕೂರಿಸಿದೆ, ಅದೂ ನಿಷ್ಪ್ರಯೋಜಕವಾಯಿತು, ಏಕೆಂದರೆ ಟ್ಯಾಂಕಿನಿಂದ ಹೊರಬರುವ ಗಾಳಿ ಅಲ್ಲಿ ಇನ್ನೂ ಬಿಸಿಯಾಗಿರುತ್ತದೆ, ಬಿಸಿ ಗಾಳಿಯಲ್ಲಿ ನೀರು ಆವಿಯ ರೂಪದಲ್ಲೇ ದಾಟಿ ಹೋಗಿ ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ಹನಿಯಾಗುತ್ತದೆ. ಕೊನೆಗೆ ರಬ್ಬರ್ ಪೈಪನ್ನು ಬಿಟ್ಟು ಗೋಡೆಯುದ್ದಕ್ಕೂ ಸುಮಾರು 50 ಅಡಿ ಜಿಐ ಪೈಪನ್ನು ಕಂಪ್ರೆಸರಿನ ಕಡೆಗೆ ಇಳಿಜಾರಾಗಿ ಎಳೆಸಿ, ಗಾಳಿಯ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆದು ಕೆಳಗಿಳಿಸಿ, ಪ್ರತಿ ಇಳಿಕೆಯ ತುದಿಗೂ ಒಂದೊಂದು ನಲ್ಲಿ ಕೂರಿಸಿ, ಆ ಸೆಪರೇಟರನ್ನೇ ತಂದು ಕೊನೆಯಲ್ಲಿ ಹಾಕಿದೆ. ಪ್ಲಂಬರಿಗೆ ಕೊಟ್ಟದ್ದೂ ಸೇರಿ ಹದಿನಾಲ್ಕು ಸಾವಿರವಾಯಿತು. ಬಣ್ಣ ತುಂಬುವ ಮುಂಚೆ ಖಾಲಿ ಗನ್ನಿನಿಂದ ಕನ್ನಡಿಯ ಮೇಲೆ ಒಂದು ನಿಮಿಷ ಗಾಳಿ ಹೊಡೆಯುತ್ತೇನೆ. ಒಂದು ಚುಕ್ಕೆ ಮಂಜು ಕಂಡರೂ ಅಂದಿನ ಕೆಲಸ ನಿಲ್ಲುತ್ತದೆ.

ಇನ್ನು ಬೂತ್. ಕಾಯಿಸುವ ವ್ಯವಸ್ಥೆಯಿರುವ ಬೂತಿಗೆ ನನಗೆ ಬಂದ ಕೊಟೇಶನ್ ಎಂಟು ಲಕ್ಷ ದಾಟಿತ್ತು. ನಾನು ಕಟ್ಟಿಕೊಂಡದ್ದು ಜಿಐ ಪೈಪಿನ ಚೌಕಟ್ಟು, ದಪ್ಪ ಪಾಲಿಥೀನ್ ಹಾಳೆ, ಒಳಬರುವ ಗಾಳಿಗೆ ಫಿಲ್ಟರ್ ಬಟ್ಟೆ, ಮೋಟಾರನ್ನು ಹೊರಗಿಟ್ಟು ಗಾಳಿ ಎಳೆಯುವ ಒಂದು ಫ್ಯಾನ್ ಇರುವ ಕೋಣೆ. ಎರಡು ಸೆಕೆಂಡ್‌ಹ್ಯಾಂಡ್ ಇನ್‌ಫ್ರಾರೆಡ್ ಲ್ಯಾಂಪುಗಳನ್ನೂ ಸೇರಿಸಿದರೆ ಎಂಬತ್ತು ಸಾವಿರದೊಳಗೆ ಮುಗಿಯಿತು. ತಗಡಿನ ಶಾಖ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ಶಾಖ) ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿದ್ದರೂ ಅದನ್ನು ಅಳೆಯುವವರು ಕಡಿಮೆ. ಗೋಡೆಗೆ ತೂಗುಹಾಕುವ ತೇವಾಂಶ ಮಾಪಕ ಮತ್ತು ಶಾಖ ಅಳೆಯುವ ಗನ್ ಎರಡಕ್ಕೂ ಸೇರಿ ಎರಡು ಸಾವಿರ ಸಾಕು. ಹೊರಗೆ ತೇವಾಂಶ 90 ದಾಟಿದ ದಿನವೂ ಕೋಣೆಯನ್ನು ಮುಚ್ಚಿ ಲ್ಯಾಂಪಿನಿಂದ ಬಿಸಿ ಮಾಡಿದರೆ ಒಳಗೆ 70ರ ಸಮೀಪಕ್ಕೆ ಇಳಿಯುತ್ತದೆ. ತಗಡು 35 ಡಿಗ್ರಿಗೆ ಬಂದ ಮೇಲೆ ಲ್ಯಾಂಪುಗಳನ್ನು ಆರಿಸಿ, ಪ್ಲಗ್ ಕಿತ್ತು ಹೊರಗಿಟ್ಟ ನಂತರವೇ ಗನ್ ಕೈಗೆತ್ತಿಕೊಳ್ಳುತ್ತೇನೆ. ಥಿನ್ನರಿನ ಆವಿ ತುಂಬಿದ ಪಾಲಿಥೀನ್ ಕೋಣೆಯಲ್ಲಿ ಒಂದು ಕಿಡಿಗೂ ಜಾಗವಿಲ್ಲ. ಹಾರ್ಡ್‌ನರಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೋಸಯನೇಟ್ ಇರುವುದರಿಂದ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವ ಹಳೆಯ ಚಾಳಿಯನ್ನೂ ಬಿಡಿಸಿದ್ದೇನೆ.

ಮಳೆಗಾಲದ ಒಂದು ಉಪಕಾರವನ್ನು ಯಾರೂ ಹೇಳುವುದಿಲ್ಲ: ಧೂಳಿರುವುದಿಲ್ಲ. ಮಾರ್ಚ್‌ನಲ್ಲಿ ಹೆದ್ದಾರಿಯ ಧೂಳಿಗೆ ಎಷ್ಟು ರಬ್ಬಿಂಗ್ (ಒಣಗಿದ ಬಣ್ಣವನ್ನು ಉಜ್ಜಿ ಹೊಳಪಿಸುವುದು) ಮಾಡುತ್ತಿದ್ದೆವೋ ಅದರ ಅರ್ಧವೂ ಜುಲೈನಲ್ಲಿ ಬೇಕಾಗುವುದಿಲ್ಲ. ಧೂಳಿನ ಬದಲು ಹುಳಗಳು ಬರುತ್ತವೆ. ಜೂನ್‌ನ ಮೊದಲ ವಾರದ ಸಂಜೆ ದೀಪ ಹಾಕಿಕೊಂಡು ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದ ಒಂದು ಬಾನೆಟ್ಟಿನ ಮೇಲೆ ರೆಕ್ಕೆಯ ಗೆದ್ದಲುಗಳು ಹಿಂಡಾಗಿ ಇಳಿದು ಎರಡೂವರೆ ಸಾವಿರದ ಸಾಮಾನು ಮಣ್ಣುಪಾಲಾಯಿತು. ಅಂದಿನಿಂದ ಗನ್ ಹಿಡಿಯುವುದು ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ಮಾತ್ರ. ದಿನದಲ್ಲಿ ತೇವಾಂಶ ಅತಿ ಕಡಿಮೆಯಿರುವ ಹೊತ್ತೂ ಅದೇ.

ಸಿಲ್ವರ್ ಬಣ್ಣದಲ್ಲಿ ಶೇಡ್ ಕೂಡುವುದೇ ನಿಜವಾದ ಪರೀಕ್ಷೆ. ಒದ್ದೆಯಾಗಿ ಹೊಡೆದರೆ ಕಪ್ಪಾಗುತ್ತದೆ, ಒಣಗಿಸಿ ಹೊಡೆದರೆ ಬಿಳಿಚುತ್ತದೆ. ಮಳೆಯಲ್ಲಿ ಬೇಸ್ (ಕ್ಲಿಯರಿನ ಅಡಿಯ ಬಣ್ಣದ ಪದರ) ನಿಧಾನವಾಗಿ ಆರುವುದರಿಂದ ನಮಗೆ ತಿಳಿಯದಂತೆಯೇ ಒದ್ದೆಯ ಕಡೆಗೆ ಜಾರುತ್ತೇವೆ. ಬೇಗ ಆರಲೆಂದು ಫಾಸ್ಟ್ ಥಿನ್ನರ್ ಹಾಕುವುದು ಎಲ್ಲರ ಮೊದಲ ಯೋಚನೆ, ನನ್ನದೂ ಅದೇ ಆಗಿತ್ತು. ಅದು ಆವಿಯಾಗುವಾಗ ತಗಡಿನ ಮೈಯನ್ನು ತಣ್ಣಗೆ ಮಾಡಿ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಮೀಡಿಯಮ್ ಥಿನ್ನರನ್ನೇ ಇಟ್ಟುಕೊಂಡು, 1.3 ನಾಝಲ್ಲಿನಲ್ಲಿ ತೆಳು ಪದರಗಳನ್ನು ಹೊಡೆದು, ಪದರಗಳ ನಡುವೆ ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ಬಿಟ್ಟು, ಬೇಸನ್ನು ಪಕ್ಕದ ಡೋರಿನ ಮೇಲೆ ಕ್ರಮೇಣ ತೆಳುವಾಗಿಸಿ ಕರಗಿಸಿ, ಕ್ಲಿಯರನ್ನು ಮಾತ್ರ ಪ್ಯಾನೆಲ್ಲಿನ ಅಂಚಿನವರೆಗೆ ಪೂರ್ತಿ ಒಯ್ಯುತ್ತೇನೆ. ಕರಗಿಸುವ ಕೊನೆಯ ಪದರಕ್ಕೆ ನಾನು ಏನನ್ನು ಎಷ್ಟು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಳಿ ಕೆಲಸ ಕಲಿತ ಹುಡುಗನೇ ಎರಡು ಕಿಲೋಮೀಟರ್ ಆಚೆ ಗ್ಯಾರೇಜ್ ಇಟ್ಟಿದ್ದಾನೆ. ಕ್ಲಿಯರ್ ಹೊಡೆದು ಹದಿನೈದು ನಿಮಿಷ ಬಿಟ್ಟು ಲ್ಯಾಂಪುಗಳನ್ನು ಮೂರಡಿ ದೂರದಲ್ಲಿ ನಿಲ್ಲಿಸಿ ತಗಡು 60 ಡಿಗ್ರಿಯಲ್ಲಿ ಅರ್ಧ ಗಂಟೆ ಇರುವಂತೆ ನೋಡಿಕೊಳ್ಳುತ್ತೇನೆ. ಬಂಪರಿಗೆ ಇಷ್ಟು ಶಾಖ ಬೇಡ, ಅದು ಬಾಗುತ್ತದೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಹಾರ್ಡ್‌ನರ್ ಡಬ್ಬಿಯನ್ನು ಒಮ್ಮೆ ತೆರೆದರೆ ಮಳೆಗಾಲದಲ್ಲಿ ವಾರದೊಳಗೆ ಮೊಸರಿನಂತೆ ಗಟ್ಟಿಯಾಗುತ್ತದೆ. ಸುಡುಸುಣ್ಣದ ಹರಳುಗಳನ್ನು ಹಾಕಿದ ದೊಡ್ಡ ಬಿಸ್ಕತ್ ಟಿನ್ನಿನೊಳಗೆ ಮುಚ್ಚಿಟ್ಟ ಡಬ್ಬಿ ಒಂದು ತಿಂಗಳ ಮೇಲೂ ತಿಳಿಯಾಗಿತ್ತು. ಹಾಗಿದ್ದರೂ ಗಿರಾಕಿಯ ಕಾರಿಗೆ ಅದನ್ನು ಹಾಕಲು ಧೈರ್ಯ ಬರಲಿಲ್ಲ, ಈಗ ಸಣ್ಣ ಪ್ಯಾಕುಗಳನ್ನೇ ತರುತ್ತೇನೆ. ಲೀಟರಿಗೆ ದರ ಜಾಸ್ತಿಯಾದರೂ ಎಸೆಯುವುದು ತಪ್ಪುತ್ತದೆ.

ಕಾರು ಗೇಟು ದಾಟಿದ ಮೇಲಿನ ಮೊದಲ ತಿಂಗಳು ಯಾರ ಕೈಯಲ್ಲೂ ಇಲ್ಲವೆಂದು ನಾವು ಬಿಟ್ಟುಬಿಡುತ್ತೇವೆ. ಹಳೆಯ ಫೆಂಡರೊಂದನ್ನು ತುಂಡುಗಳಾಗಿ ಕತ್ತರಿಸಿ, ಬಿಳಿ ಬಣ್ಣ ಹೊಡೆದು, ಬೇರೆ ಬೇರೆ ವಯಸ್ಸಿನ ತುಂಡುಗಳನ್ನು ಹಿತ್ತಲಿನ ಮಾವಿನ ಮರದಡಿ ಇಟ್ಟು ನೋಡಿದ್ದೇನೆ. ಒಂದು ವಾರದ ತುಂಡಿನ ಮೇಲೆ ಕಾಗೆಯ ಹಿಕ್ಕೆ ಬಿದ್ದು ಒಂದೇ ಮಧ್ಯಾಹ್ನ ಬಿಸಿಲಿನಲ್ಲಿ ಒಣಗಿದ್ದಕ್ಕೆ ಕ್ಲಿಯರ್ ಸುಕ್ಕುಗಟ್ಟಿ ಗುರುತು ಉಳಿಯಿತು, 2000 ಪೇಪರ್ ಹಾಕಿದರೂ ಪೂರ್ತಿ ಹೋಗಲಿಲ್ಲ. ಒಂದೂವರೆ ತಿಂಗಳ ತುಂಡಿನ ಮೇಲಿನ ಗುರುತು ಬರೀ ಕಾಂಪೌಂಡಿಗೆ ಹೋಯಿತು. ಕುಂಕುಮದ ಪರೀಕ್ಷೆ ಇದಕ್ಕಿಂತ ಮುಖ್ಯವಾದದ್ದು, ಏಕೆಂದರೆ ಮಳೆಗಾಲದ ಕೊನೆಯಲ್ಲಿ ನಮ್ಮಲ್ಲಿ ಬಣ್ಣ ಹೊಡೆಸಿಕೊಂಡ ಕಾರುಗಳು ನೇರವಾಗಿ ಹೋಗುವುದು ಆಯುಧ ಪೂಜೆಗೆ. ನೀರಿನಲ್ಲಿ ಕಲಸಿದ ಕುಂಕುಮವನ್ನು ಹೊಸ ಬಿಳಿ ತುಂಡಿನ ಮೇಲೆ ಒಂದು ರಾತ್ರಿ ಬಿಟ್ಟರೆ ಗುಲಾಬಿ ನೆರಳು ಉಳಿಯುತ್ತದೆ, ಹೂಮಾಲೆಗೆ ಅಂಟಿಸಿದ ಟೇಪು ಕಿತ್ತರೆ ಅಂಟಿನ ಗೆರೆ ಕೂರುತ್ತದೆ. ಗಿರಾಕಿಗಳಿಗೆ ‘ಬೊಟ್ಟನ್ನು ಗಾಜಿಗೋ ನಂಬರ್ ಪ್ಲೇಟಿಗೋ ಇಡಿ, ಮಾಲೆಯನ್ನು ವೈಪರಿಗೆ ಕಟ್ಟಿ’ ಎಂದು ಹೇಳಿ ಕಳಿಸುತ್ತೇನೆ. ಉಳಿದದ್ದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದೇನೆ: ಮೊದಲ ವಾರ ಶಾಂಪೂ ಬೇಡ, ಪ್ರೆಶರ್ ವಾಶ್ ಬೇಡ, ತಿಂಗಳವರೆಗೆ ಕವರ್ ಹೊದಿಸಬೇಡಿ, ಎರಡು ತಿಂಗಳು ವ್ಯಾಕ್ಸ್, ಪಾಲಿಶ್, ಕೋಟಿಂಗ್ ಯಾವುದೂ ಬೇಡ, ಹಿಕ್ಕೆ ಬಿದ್ದರೆ ಉಜ್ಜದೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಕಿ ನೆನೆಸಿ ಎತ್ತಿ. ಕವರಿನ ಮಾತಿಗೆ ಎಲ್ಲರೂ ವಾದಿಸುತ್ತಾರೆ. ಮಳೆಯಲ್ಲಿ ಒದ್ದೆಯಾದ ಕವರಿನ ನೇಯ್ಗೆ ಹೊಸ ಕ್ಲಿಯರಿನ ಮೇಲೆ ಅಚ್ಚೊತ್ತಿದ ಒಂದು ತುಂಡನ್ನು ಕೌಂಟರಿನ ಮೇಲೇ ಇಟ್ಟುಕೊಂಡಿದ್ದೇನೆ, ಅದನ್ನು ನೋಡಿದ ಮೇಲೆ ವಾದ ನಿಲ್ಲುತ್ತದೆ.

ಒಂದೆರಡು ಪ್ಯಾನೆಲ್ಲಿನ ಕೆಲಸಕ್ಕೆ ಇನ್ಶೂರೆನ್ಸ್ ಬೇಕೆನ್ನುವವರಿಗೆ ನಾನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸುತ್ತೇನೆ. ಜೀರೋ ಡೆಪ್ (ಸವಕಳಿ ಕಳೆಯದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪೇಂಟಿಂಗ್ ಬಿಲ್ ಸಾಮಾನು, ಕೂಲಿ ಬೇರೆ ಮಾಡದೆ ಒಟ್ಟಾಗಿದ್ದರೆ ಅದರ 25 ಶೇಕಡಾವನ್ನು ಸಾಮಾನು ಎಂದು ಹಿಡಿದು ಅದರಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. 8,000 ರೂಪಾಯಿ ಬಿಲ್ಲಿಗೆ 1,000 ಅಲ್ಲಿ ಹೋಯಿತು, 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ಇನ್ನೊಂದು 1,000. 50 ಶೇಕಡಾ ನೋ ಕ್ಲೇಮ್ ಬೋನಸ್ ಇದ್ದವರು ಅದನ್ನು ಕಳೆದುಕೊಂಡು ಮತ್ತೆ ಸೊನ್ನೆಯಿಂದ ಶುರುಮಾಡಬೇಕು. ಮೂರು ಪ್ಯಾನೆಲ್ಲಿಗಿಂತ ಕಡಿಮೆಯಿದ್ದರೆ ಹೆಚ್ಚಿನವರು ಲೆಕ್ಕ ನೋಡಿ ನಗದು ಕೊಟ್ಟೇ ಮಾಡಿಸುತ್ತಾರೆ. ಪ್ಯಾನೆಲ್ಲಿಗೆ ನನ್ನ ದರ ಈಗ ಮೂರು ಸಾವಿರ, ಮಳೆಗಾಲದಲ್ಲಿ ಲ್ಯಾಂಪಿನ ಕರೆಂಟಿಗೆಂದು ಮುನ್ನೂರು ಜಾಸ್ತಿ. ಕೋಣೆಗೆ ಹಾಕಿದ ಹಣ ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ವಾಪಸು ಬಂತು.

ಕಪ್ಪು ಬಣ್ಣದ ಕಾರನ್ನು ಮಾತ್ರ ಜುಲೈನಲ್ಲಿ ಈಗಲೂ ಒಪ್ಪಿಕೊಳ್ಳುವುದಿಲ್ಲ. ಬಣ್ಣವೇನೋ ಚೆನ್ನಾಗಿಯೇ ಕೂರುತ್ತದೆ, ಆದರೆ ರಬ್ಬಿಂಗ್ ಗೆರೆಗಳನ್ನು ಬಿಸಿಲಿಲ್ಲದೆ ಹುಡುಕಲಾಗುವುದಿಲ್ಲ, ಟ್ಯೂಬ್‌ಲೈಟಿನಲ್ಲಿ ಕಾಣದ ಗೆರೆ ಅಕ್ಟೋಬರಿನಲ್ಲಿ ಮಾಲೀಕರಿಗೆ ಕಾಣುತ್ತದೆ. ಈ ವರ್ಷ ಒಂದು ಒಳ್ಳೆಯ ಎಲ್‌ಇಡಿ ಇನ್‌ಸ್ಪೆಕ್ಷನ್ ಲೈಟ್ ತರಿಸಿ ನನ್ನದೇ ಹಳೆಯ ಕಪ್ಪು ಆಲ್ಟೋದ ಡಿಕ್ಕಿ ಬಾಗಿಲಿನ ಮೇಲೆ ನೋಡಬೇಕೆಂದಿದ್ದೇನೆ.