ಶಾಲೆಯೊಳಗೆ ಅಡಗಿ ನಡೆಯುವ ಆಟ: ಮಾಡಿದ್ದು, ಕೆಡಿಸಿದ್ದು, ಕೊನೆಗೆ ಗೆದ್ದದ್ದು

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೆಡ್‌ಮಾಸ್ಟರರ ಕೋಣೆಯ ಬೀರುವಿನಿಂದ ತನ್ನ ಬುಗುರಿಯನ್ನು ಯಾರ ಕಣ್ಣಿಗೂ ಬೀಳದೆ ಮರಳಿ ತರುವುದಷ್ಟೇ ಕಥೆಯಾದ, ಕತ್ತಿ ಕೋವಿ ಯಾವುದೂ ಇಲ್ಲದ ನನ್ನ ಸ್ಟೆಲ್ತ್ (ಕಣ್ಣುತಪ್ಪಿಸಿ ಸಾಗುವ) ಕಂಪ್ಯೂಟರ್ ಆಟವನ್ನು ಹಣ ಕೊಟ್ಟು ಯಾರು ಆಡುತ್ತಾರೆ ಎಂದು ಪ್ರಕಾಶಕರೊಬ್ಬರು ನನ್ನನ್ನು ಕೇಳಿದ್ದರು. ಚಿಕ್ಕಮಗಳೂರಿನ ಗೆಳೆಯರು ಅದನ್ನೇ ನಯವಾಗಿ ಹೇಳಿದ್ದರು. ಈಗ 1,900ರ ಆಸುಪಾಸು ಪ್ರತಿಗಳು ಹೋಗಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲ ಆವೃತ್ತಿ ಪೂರ್ತಿ ಸೋತಿತ್ತು. ಆಟ ಕಟ್ಟುವ ತಂತ್ರಾಂಶವಾದ ಗೋಡೋದಲ್ಲಿ ವಿಷನ್ ಕೋನ್ (ಕಾವಲುಗಾರರ ಕಣ್ಣು ಹಾಯುವ ಜಾಗ), ರೇಕಾಸ್ಟ್ (ನಡುವೆ ಗೋಡೆ ಅಡ್ಡವಿದೆಯೇ ಎಂದು ನೋಡುವ ನೇರ ಗೆರೆ), ಗಸ್ತಿನ ದಾರಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿದ್ದವು. ಆದರೆ ನಾನು ಕಥೆಯನ್ನು ರಾತ್ರಿಯಲ್ಲಿಟ್ಟು ಟಾರ್ಚ್ ಹಿಡಿದ ಕಾವಲುಗಾರರನ್ನು ಬಿಟ್ಟಿದ್ದೆ. ಕಪ್ಪುಹಲಗೆ ತೂಗುಹಾಕಿದ ಜೈಲು ಅದು. ಹಗಲಿಗೆ ತಂದು, ಪಿ.ಟಿ. ಮಾಸ್ಟರರನ್ನೂ ಅಟೆಂಡರರನ್ನೂ ನಿಲ್ಲಿಸಿದ ಮೇಲೆ ಆಟಕ್ಕೆ ಜೀವ ಬಂತು. ಪಾಠದ ವೇಳೆ ವರಾಂಡದಲ್ಲಿ ಕಾಣಿಸಿಕೊಂಡರೆ ತಪ್ಪು, ಕೈಯಲ್ಲಿ ಹಾಜರಿ ಪುಸ್ತಕವಿದ್ದರೆ ಯಾರೂ ಕೇಳುವುದಿಲ್ಲ, ರೈಲು ಕಂಬಿಯ ತುಂಡಿಗೆ ಗಂಟೆ ಬಿದ್ದ ಕೂಡಲೇ ಗುಂಪಿನಲ್ಲಿ ಬೆರೆಯಬಹುದು ಎಂಬುದನ್ನೆಲ್ಲ ಟ್ಯುಟೋರಿಯಲ್ ಇಟ್ಟು ಕಲಿಸಬೇಕಾಗಲಿಲ್ಲ. ಆಟಗಾರರು ಹತ್ತು ವರ್ಷ ಅಭ್ಯಾಸ ಮಾಡಿಯೇ ಬಂದಿದ್ದರು.

ಎರಡನೆಯ ತಪ್ಪು, ಸಿಕ್ಕಿಬಿದ್ದವರನ್ನು ಹಿಂದಿನ ಸೇವ್‌ಗೆ, ಅಂದರೆ ಆಟ ಕೊನೆಯ ಸಲ ಉಳಿಸಿಟ್ಟ ಹಂತಕ್ಕೆ, ಅಟ್ಟುತ್ತಿದ್ದದ್ದು. ಪ್ಲೇಟೆಸ್ಟ್‌ಗೆ (ಆಡಿ ಪರೀಕ್ಷಿಸಲು) ಕುಳಿತ 12 ಮಂದಿಯಲ್ಲಿ ಏಳೋ ಎಂಟೋ ಮಂದಿ ಮೂರನೆಯ ಸಲಕ್ಕೇ ಎದ್ದುಹೋದರು. ಈಗ ಸಿಕ್ಕಿಬಿದ್ದವನು ತರಗತಿಯ ಹೊರಗೆ ಮಂಡಿಯೂರುತ್ತಾನೆ. ಅಲ್ಲಿಂದ ಸ್ಟಾಫ್ ರೂಮಿನ ಬಾಗಿಲು ನೇರವಾಗಿ ಕಾಣುವುದರಿಂದ ಯಾರು ಯಾವಾಗ ಕಾಫಿಗೆ ಏಳುತ್ತಾರೆಂಬುದು ತಿಳಿಯುತ್ತದೆ. ಕೆಲವರು ಅದಕ್ಕಾಗಿ ಬೇಕೆಂದೇ ಸಿಕ್ಕಿಬೀಳುತ್ತಾರೆ. ಇಷ್ಟು ಚೆಂದದ ಶಿಕ್ಷೆಯನ್ನು ಬೇರೆ ಸ್ಟೆಲ್ತ್ ಆಟದಲ್ಲಿ ನಾನು ಕಂಡಿಲ್ಲ.

ದುಡ್ಡು ಹೆಚ್ಚು ಹೋದದ್ದು ಸದ್ದಿಗೆ. ಬೇಸಿಗೆ ರಜೆಯಲ್ಲಿ ಅನುಮತಿ ಪಡೆದು, ಮೂಡಿಗೆರೆ ಕಡೆಯ ಹಳೆಯ ಹೆಂಚಿನ ಶಾಲೆಯೊಂದರ ಕಾವಿ ನೆಲದ ಮೇಲೆ ಹವಾಯಿ ಚಪ್ಪಲಿ, ಬೂಟು, ಬರಿಗಾಲು ಮೂರನ್ನೂ ರೆಕಾರ್ಡ್ ಮಾಡಿದೆ. ಮಳೆಗಾಗಿ ಜುಲೈನಲ್ಲಿ ಮತ್ತೆ ಹೋದೆ. ಬಾಡಿಗೆ ಮೈಕು, ಜೀಪು, ನೆನೆದು ಕೆಟ್ಟ ರೆಕಾರ್ಡರ್ ಸೇರಿ 40 ಸಾವಿರ ಕರಗಿತು. ಮನೆಗೆ ಬಂದು ಕೇಳಿದರೆ ಮಳೆಯ ಬದಲು ಒಗ್ಗರಣೆ ಸಿಡಿಯುತ್ತಿತ್ತು. ಕೊನೆಗೆ ಹೆಂಚು, ತಗಡು, ಅಂಗಳದ ನೀರು ಇವನ್ನು ಬೇರೆಬೇರೆ ಟ್ರ್ಯಾಕಿನಲ್ಲಿಟ್ಟು, ಹುಡುಗ ನಿಂತ ಜಾಗಕ್ಕೆ ತಕ್ಕಂತೆ ಬೆರೆಸಿದೆ. ಮಳೆ ಜೋರಾದಾಗ ಅವನ ಹೆಜ್ಜೆ ಕೇಳಿಸುವ ದೂರ ಸುಮಾರು ಮೂರನೆಯ ಒಂದಕ್ಕೆ ಇಳಿಯುತ್ತದೆ, ಹೆಡ್‌ಮಾಸ್ಟರರ ಬೀಗದಕೈ ಗೊಂಚಲಿನ ಸದ್ದೂ ಅವನಿಗೆ ಕೇಳಿಸದಂತಾಗುತ್ತದೆ. ಮಳೆ ಯಾವಾಗ ನಿಲ್ಲಬೇಕೆಂಬುದನ್ನು ಅದೃಷ್ಟಕ್ಕೆ ಬಿಟ್ಟಿಲ್ಲ. ಆ ಲೆಕ್ಕ ನನ್ನಲ್ಲೇ ಇರಲಿ.

ನಡುವೆ ಅಂಗಳಕ್ಕೊಂದು ನಾಯಿಯನ್ನೂ ತಂದಿದ್ದೆ. ಬಿಸಿಯೂಟದ ಅನ್ನ ಹಾಕಿದರೆ ಅದು ಹಿಂದೆಯೇ ಬಂದು, ನೀವು ಅಡಗಿದ ಜಾಗದ ಮುಂದೆ ಬಾಲವಾಡಿಸುತ್ತ ನಿಂತು ಗುಟ್ಟು ರಟ್ಟು ಮಾಡುತ್ತಿತ್ತು. ಆಡಿದವರೆಲ್ಲ ಬುಗುರಿಯನ್ನು ಮರೆತು ನಾಯಿ ಸಾಕತೊಡಗಿದ್ದರಿಂದ, ಮೂರು ವಾರದ ಕೆಲಸವನ್ನು ಅಳಿಸಬೇಕಾಯಿತು.

ಒಟ್ಟು ಖರ್ಚು ಮೂರು ಲಕ್ಷದ ಹತ್ತಿರ. ಆಟ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಕಟ್ಟಿದ 100 ಡಾಲರ್ ಶುಲ್ಕ, ವ್ಯಾಪಾರ 1,000 ಡಾಲರ್ ದಾಟಿದ ಮೇಲೆ ಮರಳಿತು. ನನಗಿದ್ದ ಹೆದರಿಕೆಯೇ ಬೇರೆ: ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಹಣ ವಾಪಸು ಕೇಳಬಹುದು, ನನ್ನ ಆಟವನ್ನೋ ಚುರುಕಿನವರು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ಉದ್ದವಾಗಲೆಂದು ಮೇಲೊಂದು ಮಹಡಿ ಕಟ್ಟಿದೆ. ಅಲ್ಲಿ ನಡೆಯಲು ನನಗೇ ಬೇಸರವಾಗಿ ಕೆಡವಿದೆ. ವಾಪಸು ಕೇಳಿದವರು ನೂರಕ್ಕೆ ಎಂಟು ಮಂದಿ ಇರಬಹುದು. ಸ್ಟೀಮ್‌ನ ಪಾಲು, ಖರ್ಚು ಎಲ್ಲ ಕಳೆದು, ಎರಡೂವರೆ ವರ್ಷದ ನನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಉಳಿದದ್ದು 60 ಸಾವಿರ. ಅದರಲ್ಲಿ ಹೊಸ ರೆಕಾರ್ಡರ್ ಕೊಂಡಿದ್ದೇನೆ, ಈ ಸಲ ಮಳೆಗೆ ಹೊದಿಸುವ ಚೀಲದ ಸಮೇತ.