ಪಾಲಿಶ್ ಮೆಷಿನ್ ಹಿಡಿಯುವ ಮೊದಲು: ಕಾರವಾರದಲ್ಲಿ ನಾನು ಕಾರು ತೊಳೆಯುವ ರೀತಿ

ಕಾರಿಗೆ ಪಾಲಿಶ್ ಹೊಡೆಯುವ ಕೆಲಸದಲ್ಲಿ ಮೆಷಿನ್ ಓಡಿಸುವುದು ಸುಲಭದ ಭಾಗ. ನಿಜವಾದ ಕೆಲಸ ಇರುವುದು ತೊಳೆಯುವುದರಲ್ಲಿ. ಅದರಲ್ಲೂ ನಮ್ಮ ಕಾರವಾರದ ಕಡೆ ಓಡಾಡಿದ ಗಾಡಿಯಾದರೆ ಅರ್ಧ ದಿನ ತೊಳೆಯುವುದಕ್ಕೇ ಹೋಗುತ್ತದೆ. ಗಿರಾಕಿಗಳಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಅಂಕೋಲೆಯ ಒಬ್ಬ ನಿವೃತ್ತ ಮಾಸ್ತರು ತಮ್ಮ ಬಿಳಿ ಕಾರು ತಂದು, "ನಿನ್ನೆಯಷ್ಟೇ ವಾಟರ್ ಸರ್ವಿಸ್ ಮಾಡಿಸಿದ್ದೇನೆ ತಮ್ಮಾ, ನೀನು ಸೀದಾ ಪಾಲಿಶ್ ಹಿಡಿ" ಅಂದರು. ನಾನು ಅವರ ಕೈಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, "ಮಾಸ್ತರೇ, ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ" ಅಂದೆ. ಬರೀ ಕೈಗೆ ನುಣ್ಣಗಿದ್ದ ಬಣ್ಣ ಪ್ಲಾಸ್ಟಿಕ್ ಮೂಲಕ ಉಪ್ಪುಕಾಗದದ ಹಾಗೆ ಚರಚರ ಅಂತು. ಅವರು ಕೈ ತೆಗೆದು ಮತ್ತೆ ಇನ್ನೊಂದು ಕಡೆ ಸವರಿದರು. ಅಲ್ಲೂ ಅದೇ ಸದ್ದು.

ಆ ಚರಚರವನ್ನು ತೆಗೆಯದೆ ಮೆಷಿನ್ ಇಟ್ಟರೆ ಪ್ಯಾಡ್ ಅದನ್ನೆಲ್ಲ ಹೆಕ್ಕಿಕೊಂಡು ಬಣ್ಣದ ಮೇಲೇ ತಿರುಗಿಸುತ್ತದೆ. ಗೀರು ತೆಗೆಯಲು ಹೋಗಿ ಹೊಸ ಗೀರು ಹಾಕಿದ ಹಾಗಾಯಿತು. ಇನ್ನೊಂದು ವಿಷಯ ಉಂಟು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಪ್ಪ ಇರುತ್ತದೆ, ಅಷ್ಟೇ. ಪ್ರತಿ ಸಲ ಕಾಂಪೌಂಡ್, ಅಂದರೆ ಗೀರು ಸವೆಸುವ ಪಾಲಿಶ್ ಪೇಸ್ಟ್, ಹೊಡೆದಾಗಲೂ ಅದರಲ್ಲಿ ಸ್ವಲ್ಪ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ನೀರಲ್ಲಿ, ಸೋಪಲ್ಲಿ ಹೋಗುವ ಕೊಳೆಗೆ ಮೆಷಿನ್ ಬಳಸುವುದು ನನ್ನ ಲೆಕ್ಕದಲ್ಲಿ ಶುದ್ಧ ದಂಡ.

ವಾರಕ್ಕೊಮ್ಮೆ ಮನೆಯಲ್ಲಿ ತೊಳೆಯುವಾಗ ಮೇಲಿನ ವ್ಯಾಕ್ಸ್ ಉಳಿಯಲಿ ಅಂತ ಮೆದು ಶಾಂಪೂ ಹಾಕುತ್ತೇವೆ. ಇಲ್ಲಿ ಅದರ ಉಲ್ಟಾ. ಹಳೇ ವ್ಯಾಕ್ಸ್, ಸಿಲಿಕೋನ್ ಹೊಳಪು, ಎಣ್ಣೆ ಯಾವುದೂ ಉಳಿಯಬಾರದು. ಗೀರುಗಳ ಒಳಗೆ ವ್ಯಾಕ್ಸ್ ತುಂಬಿಕೊಂಡಿದ್ದರೆ ಗೀರು ಎಷ್ಟಿದೆ ಅನ್ನುವುದೇ ಕಾಣುವುದಿಲ್ಲ. ಅದಕ್ಕೆ ನಾನು ಕ್ಷಾರ ಜಾಸ್ತಿ ಇರುವ ಶಾಂಪೂ ಬಳಸುತ್ತೇನೆ.

ನಮ್ಮ ಊರಿನ ಕೊಳೆಗೆ ಅದರದ್ದೇ ಗುಣ. ಕಾರವಾರದಲ್ಲಿ ಹೆದ್ದಾರಿ 66 ಸಮುದ್ರದ ಪಕ್ಕದಲ್ಲೇ ಹೋಗುತ್ತದೆ, ಮಳೆಗಾಲದ ಗಾಳಿಗೆ ಉಪ್ಪು ನೀರಿನ ಹನಿ ರಸ್ತೆ ದಾಟಿ ಬರುತ್ತದೆ. ಒಳಗಿನ ರಸ್ತೆಗಳಲ್ಲಿ ಚಿರೇಕಲ್ಲಿನ ಕೆಂಪು ಧೂಳು. ರಸ್ತೆ ರಿಪೇರಿ ನಡೆದಲ್ಲೆಲ್ಲ ಡಾಂಬರಿನ ಚುಕ್ಕೆ. ಬೇಸಿಗೆಯಲ್ಲಿ ಗೇರು ಮರದ ಕೆಳಗೆ ನಿಲ್ಲಿಸಿದರೆ ಹಣ್ಣಿನ ರಸ, ಮಾವಿನ ಮರದ ಕೆಳಗಾದರೆ ಸೊನೆ, ರಾತ್ರಿ ಬಾವಲಿಗಳ ಕಾಣಿಕೆ ಬೇರೆ. ಒಂದೇ ಶಾಂಪೂವಿಗೆ ಇವೆಲ್ಲ ಬಗ್ಗುವುದಿಲ್ಲ.

ನಾನು ಬೆಳಗ್ಗೆ ಬೇಗ, ತಗಡಿನ ಮಾಡಿನ ಕೆಳಗೆ ಶುರು ಮಾಡುತ್ತೇನೆ. ಬಾನೆಟ್ ಬಿಸಿ ಇದ್ದರೆ ಕೈ ಹಚ್ಚುವುದಿಲ್ಲ, ಹಾಕಿದ್ದೆಲ್ಲ ಅಲ್ಲೇ ಒಣಗಿ ಕಲೆ ಬೀಳುತ್ತದೆ. ಮೊದಲು ಚಕ್ರ ಮತ್ತು ಮಡ್‌ಗಾರ್ಡಿನ ಒಳಗೆ ನೀರು. ಅಲ್ಲಿ ಕಟ್ಟಿಕೊಂಡ ಕೆಂಪು ಮಣ್ಣು ಕೊನೆಗೆ ಸಿಡಿದರೆ ತೊಳೆದ ಬಾಗಿಲೆಲ್ಲ ಮತ್ತೆ ಹಾಳು. ಚಕ್ರದ ಬಕೆಟ್, ಬ್ರಶ್, ಬಟ್ಟೆ ಎಲ್ಲ ಬೇರೆಯೇ.

ಆಮೇಲೆ ಮೈಗೆ ಬರೀ ನೀರು, ಧಾರಾಳವಾಗಿ. ಉಪ್ಪಿಗೆ ಬೇರೆ ಔಷಧ ಬೇಕಿಲ್ಲ, ನೀರೇ ಸಾಕು. ಆದರೆ ಅದು ಕೂತಿರುವ ಜಾಗಕ್ಕೆ ನೀರು ಮುಟ್ಟಬೇಕು: ಬಾಗಿಲ ರಬ್ಬರಿನ ಅಂಚು, ವೈಪರ್ ಕೆಳಗಿನ ಜಾಲರಿ, ನಂಬರ್ ಪ್ಲೇಟಿನ ಹಿಂದೆ, ಗಾಡಿಯ ತಳ. ಪ್ರೆಶರ್ ವಾಷರ್ ಇದ್ದರೆ ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ. ಕಲ್ಲು ಸಿಡಿದು ಬಣ್ಣ ಎದ್ದ ಕಡೆ ನೀರಿನ ಹೊಡೆತಕ್ಕೆ ಪದರವೇ ಕಿತ್ತು ಬರುತ್ತದೆ. ಉಪ್ಪು ಗಾಳಿಯಲ್ಲಿ ಅಂಥ ಚುಕ್ಕೆಗಳ ಕೆಳಗೆ ತುಕ್ಕು ಬೇಗ ಹರಡಿರುತ್ತದೆ, ಆ ಅಂಚು ಮೊದಲೇ ಸಡಿಲ.

ನೀರಿನ ನಂತರ ನೊರೆ. ಫೋಮ್ ಗನ್ನಿನಲ್ಲಿ ಮೈತುಂಬ ನೊರೆ ಹೊದಿಸಿ ಐದು ನಿಮಿಷ ಬಿಟ್ಟು, ಒಣಗುವ ಮೊದಲು ತೊಳೆಯುತ್ತೇನೆ. ಕೈ ಮುಟ್ಟಿಸದೆ ಎಷ್ಟು ಮಣ್ಣು ಇಳಿಯುತ್ತದೋ ಅಷ್ಟು ಒಳ್ಳೆಯದು. ಪಾಲಿಶ್‌ಗೆ ಬರುವ ಗಾಡಿಗಳಲ್ಲಿ ನಾನು ನೋಡುವ ಬಲೆಯಂಥ ಸುತ್ತು ಗೀರುಗಳಲ್ಲಿ ಹೆಚ್ಚಿನವು ಧೂಳಿನ ಮೇಲೆ ಒಣ ಬಟ್ಟೆ ಎಳೆದು ಆದವು.

ಕೈಯಲ್ಲಿ ತೊಳೆಯಲು ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ. ಬಕೆಟ್ ತಳಕ್ಕೆ ಜಾಲರಿ ಇಟ್ಟರೆ ಇಳಿದ ಮರಳು ಮತ್ತೆ ಮೇಲೆ ಬರುವುದಿಲ್ಲ. ಮೇಲಿನಿಂದ ಕೆಳಗೆ, ಬಂಪರ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ.

ಸಾಧಾರಣ ತೊಳೆಯುವವರ ಕೆಲಸ ಇಲ್ಲಿಗೆ ಮುಗಿಯಿತು. ನಮ್ಮದು ಇಲ್ಲಿಂದ ಶುರು.

ಮೊದಲು ಡಾಂಬರು. ಚಕ್ರದ ಹಿಂದೆ ಬಾಗಿಲಿನ ಕೆಳಗೆ ಕಪ್ಪು ಚುಕ್ಕೆಗಳು. ಬಿಳಿ ಗಾಡಿಯಲ್ಲಿ ತಾವಾಗಿಯೇ ಕಾಣುತ್ತವೆ, ಕಪ್ಪು ಗಾಡಿಯಲ್ಲಿ ಬೆರಳಿಗೆ ಮಾತ್ರ ಗೊತ್ತಾಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಸೀಮೆಎಣ್ಣೆ ಹಚ್ಚಿ ಉಜ್ಜುತ್ತಾರೆ. ಡಾಂಬರು ಕರಗುವುದೇನೋ ಹೌದು, ಆದರೆ ಎಣ್ಣೆ ಪಸೆ ಉಳಿಯುತ್ತದೆ, ಉಜ್ಜಿದ ಗೀರೂ ಉಳಿಯುತ್ತದೆ. ನಾನು ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ಚುಕ್ಕೆಯ ಮೇಲೆ ಒತ್ತಿ ಹಿಡಿಯುತ್ತೇನೆ. ಒಂದು ನಿಮಿಷದಲ್ಲಿ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿ ಹರಡುತ್ತದೆ, ಆಗ ಒರೆಸಿದರೆ ಹೋಗುತ್ತದೆ. ಉಜ್ಜುವುದೇ ಬೇಡ. ಸ್ಪ್ರೇ ಹೊಡೆದರೆ ಕೆಲಸ ಬೇಗ ಆಗುತ್ತದೆ, ಆದರೆ ನನ್ನ ಅಂಗಳದ ನೀರು ಬಾವಿ ಕಡೆಗೇ ಇಳಿಯುತ್ತದೆ. ಹಾಗಾಗಿ ಬಟ್ಟೆಯೇ ಸೈ.

ಡಾಂಬರು ಹೋದ ಮೇಲೆಯೇ ಕಬ್ಬಿಣ. ಡಾಂಬರಿನ ಕೆಳಗೆ ಸಿಕ್ಕಿಕೊಂಡ ಕಣಕ್ಕೆ ಐರನ್ ರಿಮೂವರ್ ತಲುಪುವುದಿಲ್ಲ, ಅದಕ್ಕೇ ಈ ಕ್ರಮ. ಕಬ್ಬಿಣ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಬ್ರೇಕ್ ಹಿಡಿದಾಗಲೆಲ್ಲ ಡಿಸ್ಕಿನಿಂದ ಸಣ್ಣ ಪುಡಿ ಹಾರುತ್ತದೆ. ಬಿಸಿ ಪುಡಿ ಬಣ್ಣಕ್ಕೆ ಕಚ್ಚಿಕೊಂಡು, ನಮ್ಮ ತೇವದ ಹವೆಗೆ ತುಕ್ಕಾಗುತ್ತದೆ. ಮಡಗಾಂವ್‌ಗೆ ರೈಲಿನಲ್ಲಿ ಹೋಗಿಬರುವವರು ಶಿರವಾಡದ ಸ್ಟೇಶನ್ ಹತ್ತಿರ ದಿನಾ ಗಾಡಿ ನಿಲ್ಲಿಸುತ್ತಾರಲ್ಲ, ಅವರ ಗಾಡಿಯ ಮಾಡಿನ ಮೇಲೆ ಕಿತ್ತಳೆ ಬಣ್ಣದ ಸೂಜಿಮೊನೆಯಷ್ಟು ಚುಕ್ಕೆಗಳು ಸಿಗುತ್ತವೆ. ರೈಲಿನ ಗಾಲಿ, ಹಳಿ, ಬ್ರೇಕು ಸವೆದ ಪುಡಿ ಅದು.

ದ್ರಾವಣ ಹೊಡೆದು ಮೂರ್ನಾಲ್ಕು ನಿಮಿಷ ಬಿಟ್ಟರೆ ಒಂದೊಂದು ಚುಕ್ಕೆಯಿಂದಲೂ ನೇರಳೆ ಬಣ್ಣದ ಗೆರೆ ಇಳಿಯಲು ಶುರುವಾಗುತ್ತದೆ. ಮಾಸ್ತರರ ಬಿಳಿ ಕಾರಿನ ಡಿಕ್ಕಿ ಬಾಗಿಲಂತೂ ಪೂರ್ತಿ ನೇರಳೆ. ಅದರಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದ ಜೊತೆ ಸೇರಿ ಕೊಡುವ ಬಣ್ಣ ಅದು. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ, ನಾತವೂ ಅದೇ. ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ನಿಂತು ಮಾಡಿ. ಬಣ್ಣ ಬಂತು ಅಂತ ನೋಡುತ್ತ ಒಣಗಲು ಬಿಡಬೇಡಿ, ಚೆನ್ನಾಗಿ ನೀರು ಹೊಡೆದು ಇನ್ನೊಮ್ಮೆ ಶಾಂಪೂ ಆಡಿಸಿ.

ಇಷ್ಟಾದ ಮೇಲೂ ಪ್ಲಾಸ್ಟಿಕ್ ಚೀಲದ ಪರೀಕ್ಷೆ ಮಾಡಿದರೆ ಅಲ್ಲಲ್ಲಿ ಚರಚರ ಉಳಿದಿರುತ್ತದೆ. ಅದಕ್ಕೆ ಕ್ಲೇ, ಅಂದರೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಕಿತ್ತು ತೆಗೆಯುವ ಮೆದು ಜೇಡಿಯಂಥ ಮುದ್ದೆ. ಒಂದು ಸಣ್ಣ ತುಂಡು ತೆಗೆದು, ಕೈಯಲ್ಲಿ ನಾದಿ, ಅಂಗೈ ಅಗಲ ಚಪ್ಪಟೆ ಮಾಡಿ. ಬಣ್ಣದ ಮೇಲೂ ಕ್ಲೇ ಮೇಲೂ ಶಾಂಪೂ ನೀರು ಧಾರಾಳ ಇರಬೇಕು. ಒತ್ತಬಾರದು, ಬೆರಳಿನ ಭಾರ ಸಾಕು. ನೆಟ್ಟಗೆ ಹಿಂದೆ ಮುಂದೆ ಓಡಿಸುವಾಗ ಮೊದಲು ಕೈಗೆ ತಡೆ ಸಿಗುತ್ತದೆ, ಸದ್ದೂ ಬರುತ್ತದೆ. ನಾಲ್ಕೈದು ಸಲ ಓಡಿಸುವಷ್ಟರಲ್ಲಿ ಸದ್ದು ನಿಂತು ಕ್ಲೇ ಜಾರಲು ಶುರುವಾಗುತ್ತದೆ. ಅಲ್ಲಿಗೆ ಆ ಜಾಗ ಆಯಿತು. ಮಗುಚಿ ನೋಡಿದರೆ ಕಂದು ಕೊಳೆ. ಒಳಕ್ಕೆ ಮಡಚಿ ಹೊಸ ಮುಖ ಮಾಡಿ ಮುಂದಕ್ಕೆ. ನೆಲಕ್ಕೆ ಬಿದ್ದ ಕ್ಲೇಯನ್ನು ಮಾತ್ರ ಸೀದಾ ಕಸದ ಬುಟ್ಟಿಗೆ ಹಾಕಿ. ತೊಳೆದು ಬಳಸೋಣ ಅನ್ನುವ ಆಸೆ ಬೇಡ, ಮರಳು ಅದರೊಳಗೆ ಹೊಕ್ಕಿರುತ್ತದೆ. ಕ್ಲೇ ಸ್ವಲ್ಪ ಮಂಕು ಗೀರು ಬಿಡುವುದುಂಟು. ಹೇಗೂ ಪಾಲಿಶ್ ಇದೆಯಲ್ಲ, ಚಿಂತೆ ಇಲ್ಲ. ಪಾಲಿಶ್ ಮಾಡುವ ಯೋಚನೆ ಇಲ್ಲದವರು ಸುಮ್ನೆ ಕ್ಲೇ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಮರದ ಸೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರುವ ಒಂದು ಬಗೆಯ ಸ್ಪಿರಿಟ್) ನೆನೆಸಿದ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಬಿಳಿ ಉಂಗುರದ ಹಾಗೆ ಕಾಣುವ ನೀರಿನ ಕಲೆಗೆ ಬಿಳಿ ವಿನೆಗರನ್ನು ಅಷ್ಟೇ ನೀರಿನಲ್ಲಿ ಬೆರೆಸಿ ಹಚ್ಚಿ, ಕೂಡಲೇ ತೊಳೆಯಿರಿ. ಆಮೇಲೂ ಉಳಿದರೆ ಅದು ಬಣ್ಣವನ್ನೇ ತಿಂದಿದೆ, ಮೆಷಿನ್ನಿಗೇ ಬಿಡಬೇಕು.

ಕೊನೆಯ ನೀರಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ಬಂದರೆ ನಮ್ಮಲ್ಲಿ ಹೊಳೆ, ಸಮುದ್ರದ ಹತ್ತಿರದ ಬಾವಿ ನೀರು ಸವಳು. ಆ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ತೆಗೆದ ಕಲೆಯನ್ನೇ ಮತ್ತೆ ಹಾಕಿದಂತೆ. ಮಳೆಗಾಲದಲ್ಲಿ ಮಾಡಿನ ನೀರನ್ನು ಡ್ರಮ್ಮಿಗೆ ಬಿಟ್ಟುಕೊಳ್ಳುತ್ತೇನೆ. ಮೊದಲ ಎರಡು ಮಳೆ ಹೋದ ಮೇಲಿನ ನೀರು, ಅದರಲ್ಲಿ ಕಲೆ ಬೀಳುವುದಿಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು ಹೊಡೆದು ತಕ್ಷಣ ಒರೆಸುವುದೊಂದೇ ದಾರಿ.

ಒರೆಸಲು ದೊಡ್ಡ ಮೈಕ್ರೋಫೈಬರ್ ಟವೆಲ್ಲನ್ನು ಮೇಲೆ ಹಾಸಿ ನೀರು ಹೀರಿಸುತ್ತೇನೆ, ಎಳೆಯುವುದಿಲ್ಲ. ಮಿರರ್, ಬಾಗಿಲ ಹಿಡಿಕೆ, ಹಿಂದಿನ ಲೈಟಿನ ಸಂದಿಗೆ ಬ್ಲೋವರ್. ಆಷಾಢದ ಹವೆಯಲ್ಲಿ ಅಲ್ಲಿನ ನೀರು ತಾನಾಗಿ ಆರುವುದೇ ಇಲ್ಲ. ಮೆಷಿನ್ ಓಡುವಾಗ ಒಂದು ಹನಿ ಇಳಿದು ಪ್ಯಾಡಿಗೆ ಸಿಕ್ಕಿದರೂ ಕಾಂಪೌಂಡ್ ಗಂಟು ಕಟ್ಟುತ್ತದೆ.

ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲಿನಿಂದ ಒಮ್ಮೆ ಒರೆಸಿ, ಟಾರ್ಚ್ ಹಿಡಿದು ಗೀರು ನೋಡುತ್ತೇನೆ. ಈಗ ಕಾಣುವುದು ಅಸಲಿ ಬಣ್ಣ. ಗಿರಾಕಿಗೂ ಆಗಲೇ ತೋರಿಸುವುದು ಒಳ್ಳೆಯದು, ಯಾವ ಗೀರು ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ. ರಬ್ಬರು, ಕಪ್ಪು ಪ್ಲಾಸ್ಟಿಕ್ಕು, ಬಣ್ಣ ಎದ್ದ ಅಂಚುಗಳಿಗೆ ಮಾಸ್ಕಿಂಗ್ ಟೇಪ್.

ಪಾಲಿಶ್ ಅದೇ ದಿನ ಶುರು ಮಾಡಬೇಕು. ರಾತ್ರಿ ಹೊರಗೆ ನಿಲ್ಲಿಸಿದರೆ ಬೆಳಗ್ಗೆ ಬಾನೆಟ್ ಮೇಲೆ ಉಪ್ಪಿನ ಅಂಟು ಕೂತಿರುತ್ತದೆ. ಆಗ ಡಾಂಬರು, ಕಬ್ಬಿಣದ ಕೆಲಸ ಮತ್ತೆ ಬೇಡ, ಆದರೆ ನೀರು, ಶಾಂಪೂ, ಒರೆಸುವುದು ಎಲ್ಲ ಇನ್ನೊಮ್ಮೆ.